ಕಾಡುಕೋಣದ ಕಾಲುಚೀಲ

ಶಿವಮೊಗ್ಗದ ರಸ್ತೆಗಳಲ್ಲಿ ಪ್ರಾಣಿಗಳಿಗೆ ಎಂದೂ ಬರವಿರಲಿಲ್ಲ. ದನಗಳು ಸರ್ಕಲ್ಲುಗಳ ನಟ್ಟನಡುವೆ ಮಲಗಿ ಸಂಚಾರ ನಿಯಂತ್ರಿಸುತ್ತಿದ್ದವು, ಹಂದಿಗಳು ಚರಂಡಿಗಳ ಉಸ್ತುವಾರಿ ವಹಿಸಿಕೊಂಡಿದ್ದವು, ನಾಯಿಗಳು ಬೀದಿಬೀದಿಯ ಗಡಿ ಕಾಯುತ್ತಿದ್ದವು. ಇವರೆಲ್ಲ ಸಂಬಳವಿಲ್ಲದೆ ದುಡಿಯುತ್ತಿರುವಾಗಲೇ ಇತ್ತೀಚಿನ ವರ್ಷಗಳಲ್ಲಿ ಊರಿಗೆ ಇನ್ನೊಂದು ಜಾತಿಯ ಪ್ರಾಣಿಗಳು ಬಂದು ಕಾಯಂ ಆಗಿ ನೆಲೆಸಿದವು. ಬಣ್ಣ ಬಳಿದ ಪ್ರಾಣಿಗಳು. ಪಾರ್ಕುಗಳಲ್ಲಿ, ಬಡಾವಣೆಗಳ ಬಾಗಿಲಲ್ಲಿ, ಕಾರಂಜಿಯೆಂದು ಕರೆಯಲಾಗುವ ಒಣ ತೊಟ್ಟಿಗಳ ಮಧ್ಯದಲ್ಲಿ ನಿಂತಿರುತ್ತವೆ. ಸಿಮೆಂಟಿನವು ಕೆಲವು, ಫೈಬರಿನವು ಕೆಲವು. ತುಟಿಗೆ ಗುಲಾಬಿ ಬಣ್ಣ ಹಚ್ಚಿಕೊಂಡ ಜಿಂಕೆಯನ್ನು ನಾನು ನೋಡಿದ್ದೇನೆ. ಮದುವೆಮನೆಯಲ್ಲಿ ಯಾರೂ ಊಟಕ್ಕೆ ಏಳಿಸದ ನೆಂಟನಂತೆ ಮುಖ ಮಾಡಿಕೊಂಡ ಸಿಂಹವನ್ನೂ ನೋಡಿದ್ದೇನೆ. ಒಂದು ಹುಲಿಗಂತೂ ಬಣ್ಣದವನು ಹುಬ್ಬು ಬರೆದಿದ್ದ. ಆದರೆ ಒಂದು ಮಾತು ಒಪ್ಪಬೇಕು. ಇವು ಸಗಣಿ ಹಾಕುವುದಿಲ್ಲ, ಸ್ಕೂಟರಿಗೆ ಅಡ್ಡ ಬರುವುದಿಲ್ಲ. ಕಲೆಯ ವಿಷಯದಲ್ಲಿ ನನ್ನ ಗೌರವ ಶುರುವಾಗುವುದೇ ಅಲ್ಲಿಂದ.

ವಿದ್ಯಾನಗರದ ನಮ್ಮ ರಸ್ತೆಯ ಕೊನೆಯಲ್ಲಿ ಅಂಗೈಯಗಲದ ಒಂದು ಪಾರ್ಕಿದೆ. ಅದಕ್ಕೊಂದು ಸುಂದರೀಕರಣ ಸಮಿತಿಯೂ ಇದೆ. ಸಮಿತಿ ಪಾರ್ಕಿಗಿಂತ ದೊಡ್ಡದು. ಎಲ್ಲರೂ ಒಟ್ಟಿಗೆ ಬಂದರೆ ಪಾರ್ಕಿನಲ್ಲಿ ಜಾಗ ಸಾಲುವುದಿಲ್ಲವೆಂದು ಸಭೆಗಳನ್ನು ಯಾರದಾದರೂ ಮನೆಯಲ್ಲಿ ನಡೆಸುತ್ತೇವೆ. ನಾನು ಅದರ ಉಪಾಧ್ಯಕ್ಷ. ಆಯ್ಕೆ ನಡೆದ ದಿನ ನಾನು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಮನೆಗೆ ಬರುವಷ್ಟರಲ್ಲಿ ಒಂದು ಹಲ್ಲು ಕಮ್ಮಿಯಾಗಿ ಒಂದು ಹುದ್ದೆ ಜಾಸ್ತಿಯಾಗಿತ್ತು. ಬಾಯಿಯಲ್ಲಿ ಹತ್ತಿ ಇದ್ದುದರಿಂದ ಬೇಡವೆನ್ನಲು ಆಗಲಿಲ್ಲ.

ಅಧ್ಯಕ್ಷರು ಅಡಿಕೆ ಮಂಡಿಯವರು. ಮಂಡಿಯನ್ನು ಮಗನ ಕೈಗೆ ಕೊಟ್ಟು ಸಮಾಜಸೇವೆಗೆ ಇಳಿದಿದ್ದಾರೆ. ಆದರೆ ಮಂಡಿ ಅವರನ್ನು ಬಿಟ್ಟಿಲ್ಲ. ಜಗತ್ತಿನಲ್ಲಿ ಯಾವುದನ್ನು ನೋಡಿದರೂ ಅಂಗೈ ಮೇಲೆ ಹಾಕಿ ಉರುಳಿಸಿ ದರ್ಜೆ ಹೇಳುವುದು ಅವರ ಅಭ್ಯಾಸ. ನಮ್ಮ ಬೀದಿಯ ಹುಡುಗಿಗೆ ಗಂಡು ಗೊತ್ತಾದಾಗ ಹೋಗಿ ನೋಡಿ ಬಂದು, “ಮಾಲು ಒಳ್ಳೇದೇ, ಒಣಗೋದು ಸಾಲ್ದು” ಎಂದಿದ್ದರು.

ಪಕ್ಕದ ಬಡಾವಣೆಯವರು ಒಂದು ಜಿರಾಫೆ ನಿಲ್ಲಿಸಿದರು. ನಮ್ಮ ಸಮಿತಿಗೆ ಅಂದಿನಿಂದ ನಿದ್ದೆ ಹೋಯಿತು. ತುರ್ತು ಸಭೆ ಸೇರಿ, ನಮಗೂ ಒಂದು ಪ್ರಾಣಿ ಬೇಕು, ಮತ್ತು ಅದಕ್ಕೆ ಬಣ್ಣವನ್ನು ನಾವೇ ಬಳಿಯಬೇಕು, ಆಗಲೇ ಅದು ಸಾರ್ವಜನಿಕ ಕಲೆಯಾಗುತ್ತದೆ ಎಂದು ತೀರ್ಮಾನಿಸಿದೆವು. ಯಾವ ಪ್ರಾಣಿ ಎಂಬ ಪ್ರಶ್ನೆ ಬಂತು. ಒಬ್ಬರು ಆನೆ ಎಂದರು. ಸಕ್ರೆಬೈಲಿನಲ್ಲಿ ಜೀವಂತ ಆನೆಗಳೇ ಇರುವಾಗ ಫೈಬರಿನದ್ದು ನೋಡಲು ಯಾರು ಬರುತ್ತಾರೆ ಎಂದು ಅದು ಬಿತ್ತು. ಇನ್ನೊಬ್ಬರು ನವಿಲು ಎಂದರು. ನವಿಲಿಗೆ ಬಣ್ಣ ಬಳಿಯುವಷ್ಟರಲ್ಲಿ ಸಮಿತಿಯ ಅವಧಿಯೇ ಮುಗಿಯುತ್ತದೆ ಎಂದು ಅದೂ ಬಿತ್ತು. ಅದೇ ವಾರ ಊರಂಚಿನ ನವುಲೆ ಕಡೆ ಕಾಡುಕೋಣ ಬಂದಿದೆಯೆಂಬ ವಿಡಿಯೋ ಒಂದು ಎಲ್ಲರ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಮಂಜಿನಲ್ಲಿ ತೆಗೆದದ್ದು, ಕಪ್ಪಗೆ ಏನೋ ನಿಂತಿತ್ತು, ಆಮೇಲೆ ಇರಲಿಲ್ಲ. ಕಾಡುಕೋಣವೇ ಆಗಲಿ ಎಂದು ಒಮ್ಮತದಿಂದ ಠರಾವಾಯಿತು. ವಿಡಿಯೋದಲ್ಲಿದ್ದ ಪ್ರಾಣಿಯನ್ನು ಅದರ ಒಡತಿ ಹಗ್ಗ ಹಾಕಿ ಮನೆಗೆ ಹೊಡೆದುಕೊಂಡು ಹೋದಳು, ಅದು ಈಗಲೂ ಹಾಲು ಕೊಡುತ್ತಿದೆ ಎಂಬ ಸುದ್ದಿ ಬಂದದ್ದು ಆಮೇಲೆ. ಠರಾವನ್ನು ಅಷ್ಟು ಸುಲಭವಾಗಿ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.

ಕೋಣ ಲಾರಿಯಲ್ಲಿ ಬಂದು ಇಳಿಯಿತು. ಬಣ್ಣವಿಲ್ಲದ ಫೈಬರ್ ಮೈ, ಮೈದಾಹಿಟ್ಟಿನಲ್ಲಿ ನಾದಿ ಮಾಡಿಟ್ಟಂತೆ ಇತ್ತು. ಭುಜದ ಡುಬ್ಬ, ಕೊಂಬಿನ ಬಾಗು ಎಲ್ಲ ಚೆನ್ನಾಗಿಯೇ ಬಂದಿತ್ತು. ಇನ್ನು ಬಣ್ಣ ಬಳಿಯುವ ನಾಗರಿಕರು ಬೇಕಲ್ಲ? ಸಮಿತಿಯಲ್ಲಿ ಎಲ್ಲರಿಗೂ ಸೊಂಟ ನೋವು.

“ನಮ್ಮಣ್ಣನಿಗೆ ಹೇಳ್ರಿ. ಹುಟ್ಟಿದಾಗಿಂದ ಬ್ರಷ್ ಹಿಡ್ಕೊಂಡೇ ಇದಾನೆ” ಎಂದಳು ನನ್ನ ಹೆಂಡತಿ.

ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಇರುವುದು ಭದ್ರಾವತಿಯಲ್ಲಿ. ಅಲ್ಲಿನ ಸಣ್ಣ ಫೌಂಡ್ರಿಯೊಂದರಲ್ಲಿ ಎರಕ ಹೊಯ್ದು ಬಂದ ಮಾಲಿಗೆ ಬಣ್ಣ ಹೊಡೆಯುವ ವಿಭಾಗದಲ್ಲಿದ್ದು ರಿಟೈರ್ ಆದವರು. ಬಣ್ಣ ಎಂದೆ, ಬಹುವಚನ ಬೇಡ. ಕೆಲಸಕ್ಕೆ ಸೇರಿದ ದಿನದಿಂದ ಹಾರ ಹಾಕಿಸಿಕೊಂಡು ಹೊರಬಂದ ದಿನದವರೆಗೆ ಅವರು ಹೊಡೆದದ್ದು ಬೂದು ಒಂದೇ. ಪಂಪು ಬೂದು, ವಾಲ್ವು ಬೂದು, ಗೇರ್ ಬಾಕ್ಸ್ ಬೂದು. ಅಭ್ಯಾಸಬಲದಿಂದ ಮನೆಯ ಗೇಟು, ಕಿಟಕಿ ಸರಳು, ಮಂಚ, ತುಳಸಿಕಟ್ಟೆಯ ಪಕ್ಕದ ನಲ್ಲಿ ಪೈಪು ಎಲ್ಲ ಅದೇ ಬಣ್ಣಕ್ಕೆ ತಿರುಗಿದ್ದವು. ಭಾವನ ಮನೆಗೆ ಹೋದರೆ ಮೋಡದೊಳಗೆ ಹೊಕ್ಕಂತಾಗುತ್ತದೆ. ಅವರ ಕಾಲೋನಿಯವರು ಅವರನ್ನು ಬೂದಿ ಬಾಬಾ ಎನ್ನುತ್ತಿದ್ದರು, ಬೆನ್ನ ಹಿಂದಲ್ಲ, ಎದುರಿಗೇ.

ತಂಗಿಯ ಗಂಡನಿಗೆ ಬಹುವಚನ ಕೊಡುವುದು ನಮ್ಮ ಕಡೆಯ ರೂಢಿ. ಭಾವ ನನಗೆ ಮದುವೆಯ ದಿನ ಕೊಟ್ಟಿದ್ದರು. ಮಾರನೆಯ ದಿನ ವಾಪಸು ಇಸಿದುಕೊಂಡರು.

“ಕಾಡುಕೋಣನಾ?” ಎಂದರು ಫೋನಿನಲ್ಲಿ. “ಮಾರಾಯ, ಬೇರೆ ಯಾರ ಕೈಲೂ ಮುಟ್ಟಿಸ್ಬೇಡ. ನಾಳೆ ಬರ್ತೀನಿ.”

ಅದಕ್ಕೆ ಕಾರಣವಿತ್ತು. ವರ್ಷಗಳ ಹಿಂದೆ ಭಾವ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಉಂಬ್ಳೇಬೈಲಿನ ಕಾಡುದಾರಿಯಲ್ಲಿ ಬರುತ್ತಿದ್ದಾಗ ಒಂದು ಕಾಡುಕೋಣ ರಸ್ತೆ ದಾಟಿತ್ತು. ಈ ಕತೆಯನ್ನು ನಮ್ಮ ಮನೆತನದಲ್ಲಿ ಕೇಳದವರಿಲ್ಲ. “ಕಪ್ಪು ಅಂದ್ರೆ ಕಪ್ಪು ಮಾರಾಯ, ಎಣ್ಣೆ ಹಚ್ಚಿದ ಹಾಗೆ. ಮಂಡಿಯಿಂದ ಕೆಳಗೆ ಮಾತ್ರ ಬಿಳಿ. ಇಸ್ತ್ರಿ ಮಾಡಿದ ಬಿಳಿ ಕಾಲುಚೀಲ ಹಾಕ್ಕೊಂಡು ಇನ್‌ಸ್ಪೆಕ್ಷನ್ನಿಗೆ ಬಂದ ಆಫೀಸರ್ ಥರ ಬಂತು. ನಮ್ಮನ್ನ ನೋಡ್ತು, ಪಾಸ್ ಅಂತ ತಲೆ ಆಡಿಸ್ತು, ಹೋಯ್ತು.” ಕಾಲೋನಿಯಲ್ಲಿ ಇದನ್ನು ಯಾರೂ ನಂಬಲಿಲ್ಲ. ಪಕ್ಕದ ಮನೆಯಲ್ಲಿ ಫೌಂಡ್ರಿಯಲ್ಲಿ ಎರಕದ ಅಚ್ಚು ಕಟ್ಟುತ್ತಿದ್ದ ಹಳೆಯ ಮೋಲ್ಡರ್ ಒಬ್ಬನಿದ್ದಾನೆ, ತಮಿಳಿನವನು, ಭಾವನ ಜೀವದ ಗೆಳೆಯ. ಅವನ ತೀರ್ಪು ಹೀಗಿತ್ತು: “ಅಣ್ಣಾ, ಅದು ಸುಣ್ಣದ ಗುಂಡಿ ಮೆಟ್ಟಿದ ಎಮ್ಮೆ ಅಣ್ಣಾ.” ಭಾವನಿಗೆ ಇದ್ದ ಸಾಕ್ಷಿ ಸ್ಕೂಟರಿನ ಹಿಂದೆ ಕೂತಿದ್ದ ಹೆಂಡತಿ ಒಬ್ಬರೇ. “ನಾನೂ ನೋಡಿದೀನಿ ಕಣಪ್ಪ, ಕಾಲು ಬೆಳ್ಳಗಿತ್ತು” ಎಂದು ಆಕೆ ಅಡಿಗೆಮನೆಯಿಂದಲೇ ಹೇಳಿಕೆ ಕೊಡುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಭಾವನ ಕೇಸು ಬಿದ್ದುಹೋಯಿತು. ಎಮ್ಮೆಯ ಪಕ್ಷವೇ ಗೆದ್ದಿತು.

ಈಗ ಆ ಕೋಣವನ್ನು ಕಂಡ ಹಾಗೆಯೇ, ಆಳೆತ್ತರದಲ್ಲಿ, ನಾಲ್ಕು ಜನರ ಎದುರು ನಿಲ್ಲಿಸುವ ಅವಕಾಶ ಬಂದಿತ್ತು. ಮಾರನೆಯ ದಿನ ಭಾವ ಬಂದರು. ಫೌಂಡ್ರಿಯ ಹಳೆಯ ಖಾಕಿ ಅಂಗಿ, ಖಾಕಿ ಪ್ಯಾಂಟು. ಹಾರ್ಡ್‌ವೇರ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಕಪ್ಪು ಬೇಕು, ಬಿಳಿ ಬೇಕು, ಅದಕ್ಕೆ ಮೊದಲು ರೆಡ್ ಆಕ್ಸೈಡ್ ಬೇಕು ಎಂದರು.

ಅಂಗಡಿಯ ಸಾಬರು ಕನ್ನಡಕದ ಮೇಲಿಂದ ನೋಡಿದರು. “ಏನಕ್ಕೆ ಹಚ್ತೀರಿ?”

“ಫೈಬರ್ ಕೋಣ.”

“ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಸಾರ್. ಫೈಬರಿಗೆ ತುಕ್ಕೇ ಹಿಡಿಯಲ್ಲ.”

“ಹಿಡಿಯಲ್ಲ ಅಂತ ಅದಕ್ಕೆ ಗೊತ್ತಾ?” ಎಂದರು ಭಾವ. “ಕೊಡಿ.”

ಭದ್ರಾವತಿಯವರನ್ನು ಅರ್ಥ ಮಾಡಿಕೊಳ್ಳಬೇಕು. ಕಬ್ಬಿಣದ ಊರಿನಲ್ಲಿ ಬದುಕಿದವರ ಲೆಕ್ಕದಲ್ಲಿ ಈ ಸೃಷ್ಟಿಯೆಲ್ಲ ತುಕ್ಕು ಹಿಡಿಯುವ ವಸ್ತು, ಇಂದಲ್ಲ ನಾಳೆ. ಯಾವುದಕ್ಕೇ ಆಗಲಿ ಮೊದಲ ಕೈ ಕೆಂಪು, ಆಮೇಲೆ ಮಿಕ್ಕಿದ್ದು. ಭಾವನ ಬೂದಿನ ಕೆಳಗೆಲ್ಲ ಇದ್ದದ್ದು ಈ ಕೆಂಪೇ, ಅದನ್ನು ಬಣ್ಣವೆಂದು ಲೆಕ್ಕ ಹಿಡಿಯುವುದಿಲ್ಲ. ಕೆಂಪು ಹೊಡೆಯದೆ ಬಣ್ಣ ಹೊಡೆಯುವುದೆಂದರೆ ಸ್ನಾನ ಮಾಡದೆ ಪೂಜೆಗೆ ಕೂತಂತೆ. ಭಾವ ಕೋಣಕ್ಕೆ ಉಪ್ಪುಕಾಗದ ಉಜ್ಜಿ, ಕೊಂಬಿನಿಂದ ಗೊರಸಿನವರೆಗೆ ಅಚ್ಚುಕಟ್ಟಾಗಿ ಕೆಂಪು ಬಳಿದು, “ಇದು ಚೆನ್ನಾಗಿ ಒಣಗ್ಲಿ. ಮಳೆ ಮೋಡ ಬೇರೆ ಇದೆ. ಆಮೇಲೆ ಬಂದು ಕಪ್ಪು ಹೊಡೀತೀನಿ, ಕೊನೆಗೆ ಬಿಳಿ” ಎಂದು ಬಸ್ಸು ಹತ್ತಿದರು. ಕಾಲೋನಿಯಲ್ಲಿ ಹೋಗಿ, ಉದ್ಘಾಟನೆಗೆ ಎಲ್ಲರೂ ಬರಬೇಕು, ವಿಶೇಷವಾಗಿ ಎಮ್ಮೆಯ ಪಕ್ಷದವರು ಬರಬೇಕು ಎಂದು ಸಾರಿದರಂತೆ.

ಕೋಣ ಒಣಗುತ್ತಿದ್ದಾಗ ಸಮಿತಿ ಸುಮ್ಮನಿರಲಿಲ್ಲ. ಬರೀ ಕಪ್ಪು ಬಿಳಿ ಎಂದರೆ ಅದರಲ್ಲಿ ಕಲೆ ಎಲ್ಲಿ ಬಂತು, ಸಂದೇಶ ಎಲ್ಲಿ ಬಂತು ಎಂಬ ಮಾತೆದ್ದಿತು. ಮೈಮೇಲೆ ಜೋಗ ಜಲಪಾತ ಬರೆಸಬೇಕು ಎಂದರು ಒಬ್ಬರು. ಜಲಪಾತ ಎಡಮಗ್ಗುಲಿಗಾದರೆ ಬಲಮಗ್ಗುಲಿಗೆ ಅಡಿಕೆ ತೋಟ ಎಂದರು ಅಧ್ಯಕ್ಷರು. ಹೊಟ್ಟೆಗೆ ಸ್ವಚ್ಛತೆಯ ಘೋಷಣೆ, ಕುತ್ತಿಗೆಗೆ ನೀರು ಉಳಿಸಿ, ಹಿಂತೊಡೆಗೆ ಹೆಣ್ಣುಮಕ್ಕಳ ಶಿಕ್ಷಣ. ನಮ್ಮೂರಿನವರಿಗೆ ಖಾಲಿ ಜಾಗ ಕಂಡರೆ ಸೈಟು ವಿಂಗಡಿಸದೆ ಇರಲಾಗದು. ಒಂದೇ ಸಂಜೆಯಲ್ಲಿ ಕೋಣ ಒಂದು ಬಡಾವಣೆಯಾಯಿತು. ಪೃಷ್ಠಭಾಗ ಎರಡು ರಸ್ತೆಗೂ ಕಾಣುವುದರಿಂದ ಅದು ಕಾರ್ನರ್ ಸೈಟೆಂದು ತೀರ್ಮಾನವಾಗಿ, ಅದರ ಮೇಲೆ ಹಲವರು ಹಕ್ಕು ಮಂಡಿಸಿದರು.

ಬಣ್ಣದ ಮಾತು ಬಂದಾಗ ಜಗಳ ತಾರಕಕ್ಕೇರಿತು. ಕೇಸರಿ ಹಾಕಿದರೆ ಇವರು ಒಪ್ಪರು, ಹಸಿರು ಹಾಕಿದರೆ ಅವರು ಒಪ್ಪರು. ನೀಲಿಗೆ ಒಬ್ಬರು ಎದ್ದು ನಿಂತರು, ಅವರನ್ನು ಕೂರಿಸಲು ಇನ್ನೊಬ್ಬರು ಎದ್ದರು. ಹಳದಿ ಅಂಗಡಿ ಬೋರ್ಡಿನಂತಾಗುತ್ತದೆ. ಭಾವ ಹೇಳಿದ ಕಪ್ಪಾದರೂ ಇರಲಿ ಎಂದು ನಾನು ಮೆಲ್ಲಗೆ ಅಂದೆ.

“ಕಪ್ಪು ಶುಭಕಾರ್ಯಕ್ಕೆ ಆಗಲ್ಲ” ಎಂದರು ಖಜಾಂಚಿ.

“ಕೋಣ ಇರೋದೇ ಕಪ್ಪಲ್ವೇ?”

“ಅದು ಕಾಡಲ್ಲಿ. ಇದು ವಿದ್ಯಾನಗರ.”

ಬಿಕ್ಕಟ್ಟು ಬಗೆಹರಿಯಲಿಲ್ಲ. ಅಷ್ಟರಲ್ಲಿ ಉದ್ಘಾಟನೆಗೆ ಒಪ್ಪಿದ್ದ ಮುಖ್ಯ ಅತಿಥಿಗಳ ಕಡೆಯಿಂದ ಫೋನು ಬಂತು. ಮುಂದಿನ ತಿಂಗಳು ಬರಬೇಕಿದ್ದವರು ನಾಳೆ ಬೆಳಿಗ್ಗೆ ಈ ಕಡೆ ಹಾದುಹೋಗುತ್ತಾರಂತೆ, ಆಗ ಬೇಕಾದರೆ ಇಳಿಯುತ್ತಾರಂತೆ. ಅಧ್ಯಕ್ಷರು ನನ್ನನ್ನು ಕರೆದುಕೊಂಡು ಪಾರ್ಕಿಗೆ ಹೋದರು. ಸಂಜೆಯ ಬಿಸಿಲು ಕೋಣದ ಮೇಲೆ ಬಿದ್ದಿತ್ತು. ಅವರು ಒಂದು ಸುತ್ತು ಬಂದು, ಅಭ್ಯಾಸದಂತೆ ಅಂಗೈಯಿಂದ ಸವರಿ, ಬೆರಳು ಮೂಸಿ ನೋಡಿ, ಗದ್ಗದಿತರಾದರು.

“ಏನ್ ಬಣ್ಣ ಕೂತಿದೆ ನೋಡಿ! ಇದಕ್ಕಿಂತ ಇನ್ನೇನು ಬೇಕು? ಇದೇ ಫೈನಲ್.”

“ಅಧ್ಯಕ್ಷರೆ, ಇದು ಬರೀ ಮೊದಲನೇ ಕೈ.”

“ಮೊದಲನೇದೋ ಕೊನೇದೋ, ಚೊಗರು ಹಿಡಿದ ಹಾಗೆ ಹಿಡಿದಿದೆಯಲ್ಲ!”

ಚೊಗರೆಂದರೆ ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಗಟ್ಟಿ ಕೆಂಪು ನೀರು. ಬೆಂದ ಅಡಿಕೆಗೆ ಅದನ್ನು ಸವರಿ ಒಣಗಿಸಿದರೆ ಮಾಲಿಗೆ ಬಣ್ಣ ಬರುತ್ತದೆ, ಹೊಳಪು ಬರುತ್ತದೆ, ಮಂಡಿಯಲ್ಲಿ ಮರ್ಯಾದೆ ಬರುತ್ತದೆ. ಅದರ ಮೇಲೆ ಮತ್ತೇನೂ ಇಲ್ಲ. ಕೆಂಪಾಯಿತೆಂದರೆ ಕೆಲಸ ಮುಗಿಯಿತು. ನಾನು ಆ ಸಂಜೆ ಪಾರ್ಕಿನಲ್ಲಿ ನಿಂತು ಒಂದು ದೊಡ್ಡ ಸತ್ಯವನ್ನು ಮನಗಂಡೆ. ಅಡಿಕೆಯ ಊರಿನಲ್ಲಿ ಕೆಂಪು ಕೊನೆಯ ಕೈ, ಕಬ್ಬಿಣದ ಊರಿನಲ್ಲಿ ಕೆಂಪು ಮೊದಲ ಕೈ. ನಡುವೆ ಬಸ್ಸಿನಲ್ಲಿ ಒಂದು ಕೋಳಿನಿದ್ದೆಯಷ್ಟು ದೂರ. ಇಂಥ ಸತ್ಯಗಳನ್ನು ಕಂಡುಕೊಂಡವರು ಹಿಂದೆ ಕಾಡಿಗೆ ಹೋಗುತ್ತಿದ್ದರು. ನಾನು ಶಾಮಿಯಾನದವನಿಗೆ ಫೋನ್ ಮಾಡಲು ಹೋದೆ, ಅಧ್ಯಕ್ಷರು ಹೇಳಿದ್ದರಿಂದ.

ಸಮಿತಿಯಲ್ಲಿ ಯಾರೂ ಚಕಾರ ಎತ್ತಲಿಲ್ಲ. ಆ ಕೆಂಪು ಯಾವ ಪಕ್ಷದ ಬಾವುಟದಲ್ಲೂ ಇರಲಿಲ್ಲ, ಆದರೆ ಎಲ್ಲರ ಹಳೆಯ ಮನೆಗಳ ನೆಲದಲ್ಲೂ ಇತ್ತು.

ಭಾವನಿಗೆ ಫೋನ್ ಮಾಡಿ, ಕಾರ್ಯಕ್ರಮ ನಾಳೆ ಬೆಳಿಗ್ಗೆಯೇ ಅಂತೆ, ಕೆಂಪೇ ಇರಲಿ ಅಂತ ಅಧ್ಯಕ್ಷರು ಎನ್ನುತ್ತಿದ್ದಾರೆ ಎಂದೆ. “ಅವರಿಗೆ ತಲೆ ಕೆಟ್ಟಿದೆಯಾ? ನಾನು ಮೊದಲ್ನೇ ಬಸ್ಸಿಗೇ ಬರ್ತೀನಿ. ಕಾಲಾದ್ರೂ ಬಿಳಿ ಮಾಡ್ತೀನಿ” ಎಂದು ಇಟ್ಟರು. ಬಂದರು ಕೂಡ, ಮೋಲ್ಡರ್ ಗೆಳೆಯನ ಕೈಗೆ ಒಂದು ಡಬ್ಬ ಕೊಟ್ಟು, ತಾವೊಂದು ಹಿಡಿದು. ಆದರೆ ಅವರಿಗಿಂತ ಮೊದಲು ಶಾಮಿಯಾನದವರು ಬಂದಿದ್ದರು. ಕೋಣದ ಸುತ್ತ ರಿಬ್ಬನ್ನು, ಕೊಂಬಿಗೆ ಚೆಂಡುಹೂ, ಕಾಲ ಬುಡದಲ್ಲಿ ಕುಂಡಗಳು. ಕುಂಡಗಳನ್ನು ಸರಿಸಿ ಭಾವ ಬ್ರಷ್ ಹಿಡಿದು ಕೂರಲು ನೋಡಿದರು, ಹೂವಿನವನು ಬಿಡಲಿಲ್ಲ.

ಗೆಳೆಯ ಕೋಣವನ್ನು ಕೊಂಬಿನಿಂದ ಗೊರಸಿನವರೆಗೆ ನಿಧಾನವಾಗಿ ನೋಡಿದ. “ಎಲ್ಲಣ್ಣಾ ಕಾಲುಚೀಲ? ಒಗೆಯಕ್ಕೆ ಹಾಕಿದೀಯಾ?”

ಭಾವ ಡಬ್ಬದ ಮುಚ್ಚಳವನ್ನು ಒತ್ತಿ ಬಿಗಿ ಮಾಡಿದರು.

ಅತಿಥಿಗಳು ಬಂದರು, ರಿಬ್ಬನ್ ಕತ್ತರಿಸಿದರು, ಭಾಷಣ ಮಾಡಿದರು. ಇದು ನಮ್ಮ ಮಲೆನಾಡಿನ ಮಣ್ಣಿನ ಬಣ್ಣವೆಂದರು. ಅನಗತ್ಯವಾದುದನ್ನೆಲ್ಲ ಕಳಚಿಕೊಂಡ ಸರಳತೆಯೆಂದರು. ಕಲಾವಿದರು ವೇದಿಕೆಗೆ ಬರಬೇಕೆಂದರು. ಖಾಕಿಯಲ್ಲಿದ್ದ ಭಾವನ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ ಬಂತು. ಬಾಯಿಗೆ ಮೈಕು ಬಂತು. ಬಣ್ಣದ ಡಬ್ಬ ಕಾಲ ಬಳಿ ಇತ್ತು.

“ಇದು ಇನ್ನೂ ಮುಗಿದಿಲ್ಲ” ಎಂದರು ಭಾವ.

ಸಭೆ ಚಪ್ಪಾಳೆ ತಟ್ಟಿತು.

“ಅಲ್ಲ, ನಿಜವಾಗ್ಲೂ ಮುಗಿದಿಲ್ಲ. ಇದು ಶುರು ಅಷ್ಟೇ.”

ಚಪ್ಪಾಳೆ ಇನ್ನೂ ಜೋರಾಯಿತು. ನಿರೂಪಕಿ ಮೈಕು ತೆಗೆದುಕೊಂಡು, ಸಾಧಕನಿಗೆ ಸಾಧನೆ ಎಂದೂ ಮುಗಿಯುವುದಿಲ್ಲವೆಂಬುದನ್ನು ಹಿರಿಯರು ಎಷ್ಟು ಚೆನ್ನಾಗಿ ಹೇಳಿದರು ಎಂದಳು. ಭಾವ ಇನ್ನೇನೋ ಹೇಳಲು ಬಾಯಿ ತೆರೆದರು. ಉಪ್ಪಿಟ್ಟು ಬಂತೆಂದು ಜನ ಎದ್ದರು. ರಿಟೈರ್ ಆದ ದಿನದ ಹಾರ ಬಿಟ್ಟರೆ ಭಾವನ ಬಾಳಿನಲ್ಲಿ ಅವರಿಗೆ ಸಿಕ್ಕ ಒಂದೇ ಸನ್ಮಾನ ಅದು. ಅವರ ಮುಖ ನೋಡಿದರೆ ಪೇಟದ ಬದಲು ಯಾರೋ ತಲೆ ಮೇಲೆ ಮಂಕರಿ ಕವುಚಿದಂತಿತ್ತು.

ಮಧ್ಯಾಹ್ನ ಊಟಕ್ಕೂ ನಿಲ್ಲದೆ ಡಬ್ಬಗಳನ್ನು ಎತ್ತಿಕೊಂಡು ಹೋದರು. ಹಣ್ಣಿನ ಬುಟ್ಟಿ ನಮ್ಮಲ್ಲೇ ಉಳಿಯಿತು. ಅದರ ಸೇಬನ್ನು ಹೆಚ್ಚುತ್ತ ನನ್ನ ಹೆಂಡತಿ, “ನಿಮ್ಮ ಸಮಿತಿಯವರಿಗೆ ಕೋಣನೂ ಗೊತ್ತಿಲ್ಲ, ಬಣ್ಣನೂ ಗೊತ್ತಿಲ್ಲ. ಶಾಲು ಹೊದಿಸೋದು ಒಂದು ಗೊತ್ತು” ಎಂದಳು. ಚಾಕು ಅವಳ ಕೈಯಲ್ಲಿದ್ದುದರಿಂದ ನಾನು ಸಮಿತಿಯ ಪರವಾಗಿ ವಾದಿಸಲಿಲ್ಲ.

ಆಮೇಲೆ ಭಾವ ಫೋನ್ ತೆಗೆಯುವುದನ್ನು ಕಮ್ಮಿ ಮಾಡಿದರು. ತೆಗೆದರೂ ಅಡಿಗೆ ಏನು, ಮಳೆ ಬಂತಾ ಎಂಬಷ್ಟೇ. ಕಾಲೋನಿಯಲ್ಲಿ ಗೆಳೆಯ ಹೊಸ ತೀರ್ಪು ಕೊಟ್ಟಿದ್ದಾನೆಂದು ಹೆಂಡತಿಗೆ ಸುದ್ದಿ ಬಂತು: ಅಣ್ಣ ಕಂಡದ್ದು ಎಮ್ಮೆಯೂ ಅಲ್ಲ, ಕೆಂಪು ಹಸು.

ಇತ್ತ ನಮ್ಮ ಬಡಾವಣೆ ಕೋಣಕ್ಕೆ ಒಗ್ಗಿಕೊಂಡಿತು. ದಾರಿ ಹೇಳುವವರು “ಕೆಂಪು ಎಮ್ಮೆ ಹತ್ರ ಎಡಕ್ಕೆ ತಿರುಗಿ” ಎನ್ನತೊಡಗಿದರು. ಪಿಜ್ಜಾ ತರುವ ಹುಡುಗರಿಂದ ಹಿಡಿದು ಪುರೋಹಿತರವರೆಗೆ ಎಲ್ಲರ ಬಾಯಲ್ಲೂ ಕೆಂಪು ಎಮ್ಮೆಯೇ. ಮಳೆಗಾಲ ಒಂದಾಗುವಷ್ಟರಲ್ಲಿ ಅದರ ಮೈ ಅಲ್ಲಲ್ಲಿ ಬಿಳಿಚಿಕೊಂಡು ಚರ್ಮರೋಗ ಬಂದಂತೆ ಕಾಣತೊಡಗಿತು. ಕಲೆಯ ಸರಳತೆ ಇನ್ನಷ್ಟು ಹೆಚ್ಚಿತು.

ತಂಗಿಗೆ ಜ್ವರವೆಂದು ಕೇಳಿ ಭಾವ ಒಂದು ದಿನ ಬಂದರು. ಬಸ್‌ಸ್ಟ್ಯಾಂಡಿನಿಂದ ಆಟೋ ಹತ್ತಿ ವಿದ್ಯಾನಗರದ ವಿಳಾಸ ಹೇಳಿದರಂತೆ. ಆಟೋದವನು ಹಿಂದಕ್ಕೆ ತಿರುಗಿ, “ಕೆಂಪು ಎಮ್ಮೆ ಪಾರ್ಕ್ ಹತ್ರನಾ ಯಜಮಾನ್ರೆ?” ಎಂದನಂತೆ.

ಮನೆಗೆ ಬಂದವರು ತಂಗಿಯ ಹಣೆ ಮುಟ್ಟಿ ನೋಡಿ, ಜ್ವರ ಇಳಿದಿದೆ ಎಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ತಿರುಗಿದರು. “ಎಮ್ಮೆ ಅಂದ ಮಾರಾಯ. ನನ್ನ ಕೋಣನ ನನ್ನ ಎದುರಿಗೇ ಎಮ್ಮೆ ಅಂದ. ನನ್ನವಳು ಇದ್ದಿದ್ರೆ ಆಟೋ ನಿಲ್ಲಿಸಿ ಜಗಳ ಆಡೋಳು.”

ಮಾರನೆಯ ಬೆಳಿಗ್ಗೆ ನಾನು ಪಾರ್ಕಿಗೆ ವಾಕಿಂಗ್ ಹೋದಾಗ ಕೋಣದ ಸುತ್ತ ಹಗ್ಗ ಕಟ್ಟಿತ್ತು. ಹಗ್ಗಕ್ಕೆ ಕೆಂಪು ಬಟ್ಟೆಯ ತುಂಡುಗಳು ನೇತಾಡುತ್ತಿದ್ದವು. ರಟ್ಟಿನ ಮೇಲೆ ‘ಕೆಲಸ ನಡೆಯುತ್ತಿದೆ’ ಎಂಬ ಬರಹ. ಖಾಕಿ ತೊಟ್ಟ ಭಾವ ಕುಕ್ಕರಗಾಲಿನಲ್ಲಿ ಕೂತು ಕೋಣದ ಮುಂಗಾಲಿಗೆ ಬಿಳಿ ಹೊಡೆಯುತ್ತಿದ್ದರು. ಭಾವ ಫೋನ್ ಮಾಡಿದ್ದಕ್ಕೆ ಖಾಕಿಯನ್ನೂ ಬಣ್ಣವನ್ನೂ ಹೊತ್ತು ಮೊದಲ ಬಸ್ಸಿಗೆ ಬಂದ ಮೋಲ್ಡರ್ ಗೆಳೆಯ ಡಬ್ಬ ಹಿಡಿದು ನಿಂತಿದ್ದ. ವಾಕಿಂಗ್ ಮಾಡುವ ಹಿರಿಯರು, ಹಾಲಿಗೆ ಹೋಗುವವರು, ಸಮಿತಿಯ ಇಬ್ಬರು ಸದಸ್ಯರು ಕೂಡ, ಹಗ್ಗ ನೋಡಿ ಸುತ್ತಿಕೊಂಡು ಹೋಗುತ್ತಿದ್ದರು. ನಮ್ಮ ಊರಿನಲ್ಲಿ ಖಾಕಿ ಹಾಕಿಕೊಂಡು ಹಗ್ಗ ಕಟ್ಟಿ ಕೂತವನನ್ನು ಏನು ಮಾಡುತ್ತಿದ್ದೀಯೆಂದು ಯಾರೂ ಕೇಳುವುದಿಲ್ಲ. ರಸ್ತೆಯನ್ನೇ ಅಗೆದು ಹೊತ್ತುಕೊಂಡು ಹೋದರೂ ಕೇಳುವುದಿಲ್ಲ.

“ಭಾವ, ಮೇಲಿಂದ ಕಪ್ಪು ಹೊಡ್ಕೊಂಡು ಬಂದು ಆಮೇಲೆ ಕಾಲು ಮಾಡ್ಬೇಕಲ್ವಾ? ಈಗಲೇ ಬಿಳಿ ಮಾಡಿದ್ರೆ ಮೇಲಿಂದ ಹನಿ ಬೀಳುತ್ತೆ” ಎಂದೆ.

“ಗೊತ್ತು ಮಾರಾಯ. ಮಧ್ಯದಲ್ಲಿ ಯಾರಾದ್ರೂ ಬಂದು ನಿಲ್ಲಿಸಿದ್ರೆ ಕಾಲಾದ್ರೂ ಆಗಿರ್ಲಿ ಅಂತ.”

ಬಂದರು. ಅಧ್ಯಕ್ಷರು ಪಾರ್ಕಿನ ಬಾಗಿಲಲ್ಲೇ ನಿಂತು, “ಏನ್ ನಡೀತಿದೆ ಅಲ್ಲಿ?” ಎಂದರು.

“ಮೇಂಟೆನೆನ್ಸ್” ಎಂದರು ಭಾವ, ತಲೆ ಎತ್ತದೆ.

ಅಧ್ಯಕ್ಷರು ಹತ್ತಿರ ಬಂದು ಎರಡು ಬಿಳಿ ಕಾಲುಗಳನ್ನೂ ಪಕ್ಕದಲ್ಲಿದ್ದ ಕಪ್ಪು ಡಬ್ಬವನ್ನೂ ನೋಡಿದರು. “ಉದ್ಘಾಟನೆ ಆಗಿರೋದನ್ನ ಮುಟ್ಟಂಗಿಲ್ಲ ಕಣ್ರಿ. ಅಂಥಾ ದೊಡ್ಡೋರು ಬಂದು ಉದ್ಘಾಟನೆ ಮಾಡಿದ್ದು ಕೆಂಪು ಕೋಣನ. ಈಗ ಕಪ್ಪು ಮಾಡಿದ್ರೆ ಅವರು ಮಾಡಿದ್ದು ಯಾವ ಕೋಣನ ಅಂತ ಆಗುತ್ತೆ?”

ಇದು ಕಾನೂನಿನ ಸೂಕ್ಷ್ಮ ಪ್ರಶ್ನೆ. ಉಪಾಧ್ಯಕ್ಷನಾಗಿ ನಾನು ಗಂಭೀರವಾಗಿ ಆಕಾಶ ನೋಡಿದೆ. ಭಾವನ ಬ್ರಷ್ ನಿಂತಿತು. ಅವರು ಎದ್ದು 'ಆಗಲ್ಲ' ಎಂದು ಬಿಡುತ್ತಾರೆ, ಅಥವಾ ಅಧ್ಯಕ್ಷರ ಪಂಚೆಗೂ ಒಂದು ಕೈ ಹೊಡೆಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅದಾಗಲಿಲ್ಲ. ಬ್ರಷ್ಷಿನ ತುದಿಯನ್ನು ಡಬ್ಬದ ಅಂಚಿಗೆ ಒತ್ತಿ ಒತ್ತಿ ಹಿಂಡುತ್ತ, “ಹಿಂಗಾಲು ಎರಡು ಬಾಕಿ ಇದೆ. ಅಷ್ಟು ಮಾಡಿ ಹೋಗ್ತೀನಿ ಯಜಮಾನ್ರೆ” ಎಂದರು. ಅವರು ಯಾರನ್ನಾದರೂ ಹಾಗೆ ಬೇಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗೆಳೆಯ ಕೂಡ ತಮಾಷೆ ಮರೆತು ಡಬ್ಬ ನೋಡುತ್ತ ನಿಂತ.

ಅಣ್ಣನಿಗೆ ಕಾಫಿ ತಂದಿದ್ದ ನನ್ನ ಹೆಂಡತಿ ಫ್ಲಾಸ್ಕನ್ನು ಕಲ್ಲುಬೆಂಚಿನ ಮೇಲೆ ಇಟ್ಟಳು. “ಅದಕ್ಕೇನಂತೆ? ಕಪ್ಪಾದ ಮೇಲೆ ಇನ್ನೊಂದ್ಸಲ ಉದ್ಘಾಟನೆ ಮಾಡ್ಸಿ. ಬೇರೆ ದೊಡ್ಡೋರು ಯಾರೂ ಇಲ್ವಾ ಊರಲ್ಲಿ?”

ಅಧ್ಯಕ್ಷರ ಮುಖದಲ್ಲಿ ನಿಧಾನವಾಗಿ ಬೆಳಗಾಯಿತು. ಮತ್ತೊಂದು ಶಾಮಿಯಾನ, ಮತ್ತೊಂದು ರಿಬ್ಬನ್ನು, ಮೊದಲ ಸಲ ಕರೆಯದೆ ಬಿಟ್ಟು ಮುನಿಸಿಕೊಂಡಿರುವ ಮತ್ತೊಬ್ಬ ದೊಡ್ಡವರು! “ಎರಡನೇ ಹಂತದ ಲೋಕಾರ್ಪಣೆ” ಎಂದರು, ಮಂತ್ರ ಹೇಳಿದಂತೆ. ಆಮೇಲೆ ಭಾವನ ಕಡೆ ಬಾಗಿ, “ಎಷ್ಟು ಹೊತ್ತಿಗೆ ಒಣಗುತ್ತೆ?” ಎಂದರು. ಪಕ್ಕದ ಬಡಾವಣೆಯ ಜಿರಾಫೆಗೆ ಇದ್ದದ್ದು ಒಂದೇ ಹಂತ. ನಾನು ಕಲಾಪೋಷಣೆಯ ಬಗ್ಗೆ ಸಾಕಷ್ಟು ಕೇಳಿದ್ದೇನೆ. ಅದು ನಡೆಯುವುದನ್ನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಭಾವ ನಮ್ಮ ಮನೆಯಲ್ಲೇ ಉಳಿದು ಕೆಲಸ ಮಾಡಿದರು. ಕಪ್ಪು ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ಕಾಲುಚೀಲಗಳ ಮೇಲೆ ಹನಿ ಬಿದ್ದೇ ಬಿತ್ತು. ಉಜ್ಜಿ ಮತ್ತೆ ಬಿಳಿ ಹೊಡೆದರು. ಸೈಟು ಹಂಚಿಕೆಯಾದವರು ಬಂದು ಜೋಗ ಜಲಪಾತದ ಗತಿಯೇನೆಂದು ಕೇಳಿದರು. ಅಧ್ಯಕ್ಷರು ಅದನ್ನು ಮೂರನೇ ಹಂತಕ್ಕೆ ಮುಂದೂಡಿದರು. ಕಾರ್ಯಕ್ರಮದ ಮುಂಚಿನ ದಿನ ತುಂತುರು ಹನಿದು ಕಾಲುಚೀಲಗಳ ಮೇಲೆ ಚುಕ್ಕೆ ಎದ್ದವು. ಭಾವ ಕಾರ್ಯಕ್ರಮದ ದಿನ ಬೆಳಗಾಗುತ್ತಲೇ ಎದ್ದು ಹೋಗಿ ಇನ್ನೊಮ್ಮೆ ಬಿಳಿ ಹೊಡೆದು, ‘ಹಸಿ ಬಣ್ಣ, ಮುಟ್ಟಬೇಡಿ’ ಎಂದು ರಟ್ಟು ತೂಗುಹಾಕಿದರು. ಹೂವಿನವನು ಅದರ ಮೇಲೆ ಹಾರ ಹಾಕಿದ.

ಭದ್ರಾವತಿಯಿಂದ ಕಾಲೋನಿಯವರು ಬಂದರು. ಗೆಳೆಯ ದೂರದಲ್ಲಿ ನಿಂತು ನೋಡಿದ, ಹತ್ತಿರ ಬಂದು ನೋಡಿದ, ತಲೆ ಓರೆ ಮಾಡಿ ನೋಡಿದ. ಬೆಳಗಿನ ಬಿಸಿಲಲ್ಲಿ ಕೋಣದ ಬೆನ್ನು ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ನಾಲ್ಕು ಕಾಲಿನ ಬಿಳಿಗೂ ಮೈಯ ಕಪ್ಪಿಗೂ ನಡುವಿನ ಗೆರೆ ಸ್ವಲ್ಪವೂ ಅಲುಗಿರಲಿಲ್ಲ.

“ಏನಪ್ಪಾ, ಇದು ಸುಣ್ಣ ಮೆಟ್ಟಿದ ಎಮ್ಮೆನಾ?” ಎಂದರು ಭಾವ.

ಗೆಳೆಯ ಓರೆ ಮಾಡಿದ್ದ ತಲೆಯನ್ನು ನೆಟ್ಟಗೆ ಮಾಡಿಕೊಂಡ. “ಅತ್ತಿಗೆ ಹೇಳ್ತಾ ಇದ್ರು ಅಣ್ಣಾ, ಕಾಲು ಬೆಳ್ಳಗಿತ್ತು ಅಂತ. ನಾನೇ ಕೇಳ್ಲಿಲ್ಲ.”

ಭಾವ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡರು. ಖಾಕಿ ತೋಳಿಗೆ ಬಿಳಿ ಬಣ್ಣ ಅಂಟಿದ್ದುದರಿಂದ ಕೆನ್ನೆಗೂ ಸ್ವಲ್ಪ ಬಿಳಿಯಾಯಿತು.

ಎರಡನೇ ಹಂತದ ಅತಿಥಿಗಳು ಬಂದು ರಿಬ್ಬನ್ ಕತ್ತರಿಸಿದರು. ಇದು ನಮ್ಮ ಮಲೆನಾಡಿನ ಇರುಳಿನ ಬಣ್ಣ ಎಂದರು. ಫೋಟೋದವರು, ಸಾರ್, ಕೋಣದ ಪಕ್ಕ ಒಂದು, ಕೈ ಇಟ್ಕೊಂಡು ಒಂದು ಎಂದು ಕೂಗಿದರು. ಅತಿಥಿಗಳು ನಗುಮುಖದಿಂದ ಬಾಗಿ, ಮುಂಗಾಲಿನ ಮೇಲೆ ಅಂಗೈ ಒತ್ತಿದರು. ತೆಗೆದಾಗ ಅಂಗೈ ಬೆಳ್ಳಗಾಗಿತ್ತು, ಕಾಲುಚೀಲದ ಮೇಲೆ ಐದು ಬೆರಳು ಮೂಡಿದ್ದವು.

ಅಧ್ಯಕ್ಷರು ಕರ್ಚೀಫು ಹುಡುಕುತ್ತ ಜೇಬುಗಳನ್ನೆಲ್ಲ ತಟ್ಟಿಕೊಂಡರು. ಭಾವ ಜನರನ್ನು ಸರಿಸಿಕೊಂಡು, ಒಂದು ಕೈಯಲ್ಲಿ ಬಟ್ಟೆ, ಒಂದು ಕೈಯಲ್ಲಿ ಬ್ರಷ್ ಹಿಡಿದು ಬಂದರು. ಅತಿಥಿಗಳು ಒರೆಸಲಿ ಎಂದು ಕೈ ಮುಂದೆ ಚಾಚಿದರು. ಭಾವ ಆ ಕೈಯನ್ನು ಮೊಣಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, “ಸ್ವಲ್ಪ ಬೆಳಕು ಬಿಡಿ ಸಾರ್” ಎಂದು ಕುಕ್ಕರಗಾಲಿನಲ್ಲಿ ಕೂತು, ಬೆರಳು ಮೂಡಿದ ಕಾಲುಚೀಲದ ಮೇಲೆ ಬ್ರಷ್ ಇಟ್ಟರು.